ಹದ್ದು ಬಡಿದದ್ದಕ್ಕ ಬರೆದ ಕಾರ್ಡು

ಹೈದರಾಬಾದ
೪ ಡಿಸೆಂಬರ್ ೧೯೬೭

ಆಯಿಗೆ ಬಸ್ಸಮ್ಮನ ನಮಸ್ಕಾರ.

ನೀ ಕಳಿಸಿದ ಚಟ್ನಿಪುಡಿ ಮುಟ್ಟಿತು. ಡಬ್ಬಿ ರೈಲಿನಾಗ ಯಾರೋ ಮ್ಯಾಲ ಕುಂತಂಗ ಸೊಟ್ಟಾಗಿತ್ತು, ಪುಡಿಗೆ ಏನೂ ಆಗಿಲ್ಲ.

ಇಲ್ಲಿ ಹೊಸಾದು ಅಂದರ ಒಂದೇ. ನಮ್ಮ ನರ್ಸ್ ಹಾಸ್ಟೆಲ್ಲಿನ ಮೂರನೇ ಮಾಳಿಗಿ ಕಿಟಕಿ ಎದುರಿಗೆ ದವಾಖಾನಿಯ ನೀರಿನ ಟಾಕಿ ಅದ. ಎತ್ತರದ ಕಬ್ಬಿಣದ ಕಾಲಿನ ಮ್ಯಾಲ ನಿಂತದ. ಟಾಕಿ ಕೆಳಗ ಎರಡು ಅಡ್ಡಪಟ್ಟಿ ಕೂಡೋ ಮೂಲ್ಯಾಗ ಒಂದು ಜೋಡಿ ಹದ್ದು ಗೂಡು ಕಟ್ಟಲಿಕತ್ತಾವ. ಕೆಳಗ ರಿಕ್ಷಾ, ಟಾಂಗಾ, ಬಸ್ಸು, ಹಣ್ಣಿನವರ ಕೂಗು. ಅವಕ್ಕ ಅದು ಏನೂ ಅಲ್ಲ. ಒಂದು ಹದ್ದು ಒಣಾ ಕಟ್ಟಿಗಿ ತರ್ತದ, ವಾಯರಿನ ತುಂಡು ತರ್ತದ. ನಿನ್ನೆ ನಮ್ಮ ವಾರ್ಡಿನ ಹಿಂದ ಒಗೆದ ಬ್ಯಾಂಡೇಜು ಎತ್ತಿಕೊಂಡು ಹೋತು. ಎರಡು ಮೊಳದ್ದು, ಗಾಳ್ಯಾಗ ಬಿಚ್ಚಿಕೊಂಡು ಬಾಲದಂಗ ಹಾರ್ತಿತ್ತು. ಗೂಡಿನೊಳಗ ಅದನ್ನ ಹಾಸಿ, ಮ್ಯಾಲ ಕುಂತು ಎದಿಯಿಂದ ಒತ್ತಿ ನೋಡಿತು. ಕೆಲಸ ಮುಗಿದಮ್ಯಾಗ ನಾ ಮಾಳಿಗಿ ಮ್ಯಾಲ ಬಟ್ಟಿ ಹಾಕೋ ನೆವದಲ್ಲಿ ಅದನ್ನೇ ನೋಡ್ತೀನಿ. ಸಿಸ್ಟರ್ ಅಂತಾರ, ಈ ಜೋಡಿ ಐದು ವರ್ಷದಿಂದ ಇಲ್ಲೇ ಕಟ್ಟತದಂತ.

ನಿನ್ನ ತವರು ಚಿಮ್ಮನಚೋಡದಿಂದ ತಮ್ಮಣ್ಣ ಮುತ್ಯಾ ಬರೋವರಿದ್ದಾರ, ಯುಗಾದಿ ಆದಮ್ಯಾಗ ಅವರ ಮೊಮ್ಮಗ ದೇವೀಂದ್ರಪ್ಪಗ ನನ್ನ ಕೊಟ್ಟು ಮದುವಿ ಅಂತ ಬರೆದಿದ್ದಿ. ಇಲ್ಲಿ ನಂದು ಕಲಿಯೋದು ಇನ್ನೂ ಎರಡು ವರ್ಷ ಉಳೀತದ. ಅಲ್ಲಿತನಕ ತಡೀತಾರೇನು ಕೇಳಿ ನೋಡು. ಅವರಿಗೆ ಬ್ಯಾಸರಾಗೋ ಹಂಗ ಕೇಳಬ್ಯಾಡ.

ನಿನ್ನ ಮೊಮ್ಮಗಳು
ಬಸ್ಸಮ್ಮ


ಶಾಹಾಬಾದ
೧೩ ಡಿಸೆಂಬರ್ ೧೯೬೭

ಬಸ್ಸಿ,

ನಿನ್ನ ಕಾಗದದಾಗ ಹದ್ದಿಂದು ಒಂದು ಪುಟ, ಲಗ್ನದ್ದು ಮೂರು ಸಾಲು. ಯುಗಾದಿಗೆ ಲಗ್ನ ಆಗೋದು ಹದ್ದಿಂದೋ ನಿಂದೋ ನನಗ ತಿಳೀಲಿಲ್ಲ.

ತಮ್ಮಣ್ಣ ಬಂದು ಹೋದ. ನೀ ಹೇಳಿದಂಗ ಕೇಳೀನಿ.

"ತಮ್ಮಣ್ಣ, ಹುಡುಗಿದು ಇನ್ನೆರಡು ವರ್ಷ ಅದ."

"ಯಾತರದು ಅಕ್ಕಾ?"

"ಪೂರಾ ನರ್ಸ್ ಆಗ್ಲಿಕ್ಕ."

"ನಮ್ಮ ಮನ್ಯಾಗ ಯಾರಿಗಿ ಜಡ್ಡದ?"

ನಾ ಏನು ಹೇಳಲಿ. ಅವರ ಮನ್ಯಾಗ ಖರೇನೇ ಯಾರಿಗೂ ಜಡ್ಡಿಲ್ಲ. ಕಂಡವರ ಮೈ ಮುಟ್ಟೋ ಕೆಲಸ ಲಗ್ನ ಆದಮ್ಯಾಗ ಬ್ಯಾಡ ಅಂತ ಹುಡುಗನೂ ಅಂದಾನಂತ. ಹುಡುಗ ಕೆಟ್ಟವನಲ್ಲ. ನೆಲಾ ನೋಡಿಕೊಂಡು ನಡೀತಾನ, ಮಾತು ಕಡಿಮಿ. ಅವರಜ್ಜನಂಗ ಮಾತಿಗೊಂದು ಪ್ರಶ್ನಿ ಕೇಳೂದಿಲ್ಲ.

ನಿನಗ ಗೊತ್ತಿರಲಿ. ನಿಮ್ಮಪ್ಪ, ನಿಮ್ಮವ್ವ ಒಂದೇ ವರ್ಷದಾಗ ಹೋದರು. ನಾ ನಿನ್ನ ಮಡಲಾಗ ಹಾಕ್ಕೊಂಡು ಹೊಳಿ ದಂಡಿಗಿ ಕುಂತಾಗ ತಮ್ಮಣ್ಣ ಬಂದು ಒಂದು ಚೀಲ ಜ್ವಾಳ ಇಳಿಸಿ, "ಈಕಿ ನಮ್ಮ ಮನಿಗೇ ಬರಬೇಕು" ಅಂದ. ನಾ ಹೂಂ ಅಂದೀನಿ. ತವರಿನವರ ಮುಂದ ಇಲ್ಲ ಅಂದವರು ನಮ್ಮಾಗ ಯಾರೂ ಇಲ್ಲ. ಆ ಮಾತು ನನ್ನ ಬಾಯಿಗಿ ಬರೂದಿಲ್ಲ. ನಿನ್ನ ಬಾಯಿಗಿ ಬರ್ತದೇನು ನೋಡಿ ತಿಳಿಸು.

ಹದ್ದಿನ ಮಾತು ಬರದಿಯಲ್ಲ, ಅರ್ಧಾ ನೋಡಿದಿ. ನಲವತ್ತು ವರ್ಷ ಕಾಗಿಣಾ ಹೊಳಿ ದಂಡಿಮ್ಯಾಲ ಹದ್ದಿನಿಂದ ಮೀನಿನ ಬುಟ್ಟಿ ಕಾದಾಕಿ ನಾ. ಎರಡರಾಗ ದೊಡ್ಡದಿರೂದು ಹೆಣ್ಣು. ಕಟ್ಟಿಗಿ ತರೂದು ಗಂಡು, ಅದನ್ನ ಸರಿ ಮಾಡಿ ಇಡೂದು ಹೆಣ್ಣು. ಗಂಡು ಇಟ್ಟದ್ದನ್ನ ಹೆಣ್ಣು ತಿರುಗಿ ಕಿತ್ತು ಇಟ್ಟದ್ದು ನೀ ನೋಡಿರಬೇಕು. ನೋಡಿಲ್ಲಂದರ ಬಟ್ಟಿನೇ ಹಾಕು.

ಭೀಮಮ್ಮ


ಹೈದರಾಬಾದ
೮ ಜನವರಿ ೧೯೬೮

ಆಯಿಗೆ ನಮಸ್ಕಾರ.

ಇದು ಎರಡನೇ ಕಾಗದ. ಮೊದಲು ಬರೆದದ್ದರ ಮ್ಯಾಲ ಶಾಯಿ ಚೆಲ್ಲಿ ಹಾಳಾತು.

ನೀ ಹೇಳಿದ್ದು ಖರೆ. ಗಂಡು ಒಂದು ಕಟ್ಟಿಗಿ ಇಟ್ಟು ಹೋತು, ಹೆಣ್ಣು ಅದನ್ನ ಎಳೆದು ಕೆಳಗ ಒಗೀತು. ಹಣ್ಣಿನವನ ತಲಿ ಪಕ್ಕಕ್ಕ ಬಿತ್ತು. ಈಗ ಗೂಡಿನಾಗ ಎರಡು ತತ್ತಿ ಅದಾವ. ಮಾಳಿಗಿ ತುದಿಗೆ ನಿಂತರ ಕಾಣ್ತಾವ, ಬಿಳೀದು, ಮ್ಯಾಲ ಕಂದು ಚುಕ್ಕಿ. ಹೆಣ್ಣು ಎದ್ದೇಳೂದೇ ಇಲ್ಲ. ಮಳಿ ಬಂದ ದಿನಾನೂ ಕುಂತಿತ್ತು.

ಇಲ್ಲಿ ಒಂದು ಪದ್ಧತಿ ಅದ. ಹಳೇ ಊರಿನ ಮಂದಿ ಜಡ್ಡಿನವರ ತಲಿ ಸುತ್ತ ಮಾಂಸದ ತುಂಡು ಇಳಿಸಿ ಹದ್ದಿಗೆ ತೂರ್ತಾರ. ಸದಕಾ ಅಂತಾರ. ಅದಕ್ಕೇ ಈ ಜೋಡಿ ದವಾಖಾನಿ ಬಿಟ್ಟು ಹೋಗೂದಿಲ್ಲ. ಗಂಡು ಆ ತುಂಡು ಗಾಳ್ಯಾಗೇ ಹಿಡಿದು ಗೂಡಿಗೆ ಒಯ್ಯತದ. ಆ ಜಡ್ಡು ಹದ್ದಿಗೆ ಹತ್ತೂದಿಲ್ಲೇನು ಅಂತ ನಾ ಒಬ್ಬ ಮುದುಕಿಯನ್ನ ಕೇಳಿದೆ. "ಹದ್ದಿಗೆ ಏನೂ ಹತ್ತೂದಿಲ್ಲ ಬೇಟಿ" ಅಂದಳು.

ಮೊದಲ ವರ್ಷದ ಪರೀಕ್ಷಿ ಪಾಸಾಗೀನಿ. ಇಪ್ಪತ್ತೆಂಟು ಮಂದ್ಯಾಗ ಮೂರನೇದಾಕಿ. ಈಗ ಹೆರಿಗಿ ವಾರ್ಡಿಗೆ ಹಾಕ್ಯಾರ.

ಲಗ್ನದ ವಿಷಯ ನೀ ಹ್ಯಾಂಗ ಅಂತಿ ಹಂಗ.

ಬಸ್ಸಮ್ಮ


ಶಾಹಾಬಾದ
೨೦ ಜನವರಿ ೧೯೬೮

ಬಸ್ಸಿ,

ನೀ ಹ್ಯಾಂಗ ಅಂತಿ ಹಂಗ ಅಂತ ಬರದಿ. ಆತು. ಏಪ್ರಿಲ್ ಎಂಟನೇ ತಾರೀಖು ಗಟ್ಟಿ ಮಾಡ್ಯಾರ. ಬಳಿ ಅಳತಿ ಕಳಸು. ಒಂದು ದಾರ ಮುಂಗೈಗಿ ಸುತ್ತಿ, ಗಂಟು ಹಾಕಿ, ಕಾಗದದಾಗ ಇಡು. ಸೀರಿ ಸೇಡಂದಾಗ ತರ್ತಾರಂತ. ದವಾಖಾನಿ ಬಿಳೀ ಸೀರಿ ಅಲ್ಲೇ ಬಿಟ್ಟು ಬಾ ಅಂತ ತಮ್ಮಣ್ಣ ಹೇಳಿ ಕಳಿಸ್ಯಾನ. ಅದರ ಮ್ಯಾಲ ಅವನಿಗೇನು ಸಿಟ್ಟೋ.

ನಿನ್ನ ಕಾಗದ ಬಾಜು ಮನಿ ಕಮರುನ್ನೀಸಾಗ ಓದಿ ಹೇಳಿದೆ. "ಹುಡುಗಿಗೆ ಈ ಲಗ್ನ ಖುಷಿ ಇಲ್ಲ ನೋಡವ್ವಾ" ಅಂದಳು.

"ನಿನಗ ಕನ್ನಡ ಓದ್ಲಿಕ್ಕೇ ಬರೂದಿಲ್ಲ. ನಿನಗ ಹ್ಯಾಂಗ ಕಾಣ್ತು?"

"ನೀ ಓದಿದಾಗ ಕೇಳಿದೆನಲ್ಲ. ತತ್ತಿದು ಓದುವಾಗ ನಿನ್ನ ದನಿ ಬ್ಯಾರೆ ಇತ್ತು, ಕಡೀ ಸಾಲಿಗೆ ಬ್ಯಾರೆ ಆತು."

ದನಿ ನಂದು, ಖುಷಿ ನಿಂದು. ಆಕಿ ಲೆಕ್ಕ ಯಾವಾಗಲೂ ಹಿಂಗೇ.

ಮೂರನೇದಾಕಿ ಆದದ್ದು ನೋಡಿದೆ. ನಾ ಊರ ಶಾಲಿ ಐಗೋಳ ಹತ್ರ ಎರಡೂವರಿ ವರ್ಷ ಓದು ಕಲ್ತೆ. ಇನ್ನೊಂದು ವರ್ಷ ಬಿಡು ಅಂತ ಅವರು ನಮ್ಮಪ್ಪಗ ಅಂದಿದ್ದರು. ಆ ಸಲದ ಹೊಳಿ ಇಳಿದಮ್ಯಾಗ ಹರಗೋಲಿನಾಗ ಕೂಡಿಸಿ ಲಗ್ನಕ್ಕಂತ ಈ ದಂಡಿಗಿ ತಂದರು. ನಿಮ್ಮ ಮುತ್ಯಾನ ಮುಖ ನಾ ಮೊದಲ ಸಲ ನೋಡಿದಾಗ ಅಂವ ಹುಟ್ಟು ಹಾಕ್ಲಿಕತ್ತಿದ್ದ. ಹರಗೋಲು ನಡಸವ ಯಾರೋ ಆಳು ಅಂದುಕೊಂಡೆ.

ತತ್ತಿ ಕಾವಿಗಿ ಕುಂತ ಹದ್ದಿನ ಹತ್ರ ಹೋಗಬ್ಯಾಡ. ಮರಿ ಆದಮ್ಯಾಗ ಅಂತೂ ಬ್ಯಾಡೇ ಬ್ಯಾಡ.

ಭೀಮಮ್ಮ

ದಾರ ಮರೀಬ್ಯಾಡ.


ಹೈದರಾಬಾದ
೯ ಫೆಬ್ರವರಿ ೧೯೬೮

ಆಯಿಗೆ ನಮಸ್ಕಾರ.

ಎರಡೂ ತತ್ತಿ ಒಡೆದು ಮರಿ ಆಗ್ಯಾವ. ನಡುವ ಎರಡು ದಿನದ ಅಂತರ. ಮೊದಲಿಂದು ದೊಡ್ಡದು, ಎರಡನೇದ್ದು ಹತ್ತಿ ಉಂಡಿ ಇದ್ದಂಗ ಅದ.

ಒಂದು ಮಾತು, ಗಾಬರಿ ಆಗಬ್ಯಾಡ. ಮಂಗಳವಾರ ಮಾಳಿಗಿ ಮ್ಯಾಲ ಚಾದರ ಒಣಹಾಕ್ಲಿಕತ್ತಿದ್ದೆ. ಹಿಂದಿಂದ ಬಂದು ಹದ್ದು ತಲಿಗೆ ಬಡೀತು. ಸಪ್ಪಳಾನೇ ಇಲ್ಲ, ಗಾಳಿ ಬಂದಂಗ ಆತು ಅಷ್ಟೇ. ಕೈ ಮುಟ್ಟಿ ನೋಡಿದರ ರಕ್ತ. ಸಿಸ್ಟರ್ ಕೂದಲ ಕತ್ತರಿಸಿ ಮೂರು ಹೊಲಿಗಿ ಹಾಕಿದರು. "ನಿನ್ನ ಹದ್ದು ನಿನಗೇ ಪಾಠ ಮಾಡ್ತು" ಅಂದರು. ಈಗ ನೋವಿಲ್ಲ. ವಾರ್ಡಿನಾಗ ಎಲ್ಲರಿಗೂ ನಗಿ. ನಾನೂ ನಕ್ಕೆ.

ಇದನ್ನ ಯಾರಿಗೂ ಹೇಳಬ್ಯಾಡ. ಚಿಮ್ಮನಚೋಡಕ್ಕಂತೂ ಬ್ಯಾಡ. ನೋಡ್ಲಿಕ್ಕ ಓಡಿ ಬಂದಾರು.

ದಾರ ಮುಂದಿನ ಕಾಗದದಾಗ ಇಡ್ತೀನಿ.

ಬಸ್ಸಮ್ಮ


ಶಾಹಾಬಾದ
೧೪ ಫೆಬ್ರವರಿ ೧೯೬೮

ಬಸ್ಸಿ,

ಹೋಗಬ್ಯಾಡ ಅಂದರ ಹೋದಿ. ಆತು, ಬಡಿಸಿಕೊಂಡಿ.

ಇದು ನಗೂ ಮಾತಲ್ಲ. ಕಾಗಿ ತಲಿ ಮುಟ್ಟಿದರ ಏನು ಮಾಡ್ತಾರ ನಿನಗ ಗೊತ್ತದ. ಮುಟ್ಟಿಸಿಕೊಂಡವರು ಸತ್ತಾರ ಅಂತ ಬಳಗದವರಿಗಿ ಕಾರ್ಡು ಬರೀತಾರ. ಸಾವಿನ ಕಾರ್ಡಿಗಿ ಮಾಡಿದಂಗ ಮೂಲಿ ಹರೀತಾರ. ಅವರು ಓದಿ ಅಳತಾರ. ಆ ಅಳೂ ಸಾವಿನ ಪಾಲಿಂದು, ಅದಕ್ಕ ಮುಟ್ಟಿ ತೀರಿತು. ಅತ್ತ ಮ್ಯಾಲ ಸುಳ್ಳು ಅಂತ ಇನ್ನೊಂದು ಕಾರ್ಡು ಹಾಕ್ತಾರ. ನಿಮ್ಮ ಮುತ್ಯಾಗ ಒಮ್ಮೆ ಹಂಗ ಮಾಡೀವಿ. ಆಮ್ಯಾಗ ಇಪ್ಪತ್ತೆರಡು ವರ್ಷ ಬದುಕಿದ. ಕಾಗಿಗೇ ಹಿಂಗ ಇದ್ದಮ್ಯಾಗ ಹದ್ದಿಗಿ ಬ್ಯಾಡೇನು?

ಕಮರುನ್ನೀಸಾ ಹೊಸ್ತಲದಾಗ ನಿಂತು ವಾದ ತಗದಳು. "ನಿಮ್ಮಾಗ ಅದು ಕಾಗಿಗಿ ಅಷ್ಟೇ. ಹದ್ದಿಗಿ ಮಾಡಿದ್ದು ನಾ ಎಲ್ಲೂ ಕೇಳಿಲ್ಲ."

"ಕಾಗಿಕಿಂತ ಹದ್ದು ದೊಡ್ಡದೋ ಸಣ್ಣದೋ?"

"ದೊಡ್ಡದು."

"ಮತ್ತ?"

ಮೂರು ಮನಿಗಿ ಕಾರ್ಡು ಬರದೆ. ಚಿತ್ತಾಪುರದ ನಾದಿನಿಗಿ, ವಾಡಿ ಚಂದ್ರಾಮಗ, ಚಿಮ್ಮನಚೋಡಕ್ಕ. ಮೂರೂ ನಾನೇ ಟಪಾಲ ಡಬ್ಬಿಗಿ ಹಾಕಿ ಬಂದೆ. ಅವರು ಅತ್ತಮ್ಯಾಗ ತಿಳಸೂದು ನನ್ನ ಕೆಲಸ. ನಾ ಬರಿ ಅನ್ನೂತನಕ ನೀ ಯಾವ ಮನಿಗೂ ಒಂದಕ್ಷರ ಬರೀಬ್ಯಾಡ. ಸತ್ತವರು ಕಾಗದ ಬರದರ ಪದ್ಧತಿ ಕೆಡತದ.

ಗಾಯಕ್ಕ ಅರಿಷಿಣ ಹಚ್ಚು. ದವಾಖಾನಿ ಮುಲಾಮು ಇದ್ದರೂ ಹಚ್ಚು.

ಭೀಮಮ್ಮ


ಹೈದರಾಬಾದ
೩ ಮಾರ್ಚ್ ೧೯೬೮

ಆಯಿಗೆ ನಮಸ್ಕಾರ.

ಎರಡು ವಾರ ಆತು, ನಿನ್ನ ಕಾಗದ ಇಲ್ಲ. ನಾ ಸತ್ತ ಸುದ್ದಿ ಕೇಳಿ ಹಾಸ್ಟೆಲ್ಲಿನಾಗ ಎಲ್ಲರೂ ನಕ್ಕರು. ಎರಡು ದಿನ ನನ್ನ ಹೆಸರು ಬಿಟ್ಟು "ಮರ್ಹೂಮಾ, ಊಟಕ್ಕ ಬಾ" ಅಂತ ಕರೆದರು. ಮರ್ಹೂಮಾ ಅಂದರ ಉರ್ದುವಿನಾಗ ತೀರಿಕೊಂಡಾಕಿ.

ಸಣ್ಣ ಮರಿ ಉಳೀಲಿಲ್ಲ. ಗಂಡು ಮಾಂಸ ತಂದಾಗೆಲ್ಲ ದೊಡ್ಡದು ಮುಂದ ಬರ್ತಿತ್ತು, ಸಣ್ಣದರ ತಲಿಗೆ ಕುಕ್ಕುತ್ತಿತ್ತು. ತಾಯಿ ಪಕ್ಕದಾಗೇ ಕುಂತಿತ್ತು, ತಡೀಲಿಲ್ಲ. ಶುಕ್ರವಾರ ಮುಂಜಾನೆ ಸಣ್ಣದು ಇರಲಿಲ್ಲ.

ಮೊನ್ನೆ ಹೆರಿಗಿ ವಾರ್ಡಿಗೆ ಚಿಂಚೋಳಿ ಕಡೆಯಾಕಿ ಒಬ್ಬಾಕಿ ಬಂದಳು. ಮಾತಿಗೆ ಮಾತು ಬಂದು ಚಿಮ್ಮನಚೋಡದ ಸುದ್ದಿ ಕೇಳಿದೆ, ನಾ ಯಾರಂತ ಹೇಳಲಿಲ್ಲ. ದೇವೀಂದ್ರಪ್ಪಗ ತೆಂಗಳಿಯ ಹುಡುಗಿ ಗೊತ್ತಾಗ್ಯಾಳಂತ. ಅದೇ ಏಪ್ರಿಲ್ ಎಂಟಕ್ಕ.

ಹದ್ದು ಬಡಿದಾಕಿ, ತಲಿ ಮ್ಯಾಲ ಹೊಲಿಗಿ ಇದ್ದಾಕಿ ಅಂತ ಬಿಟ್ಟರೇನು ಆಯಿ? ಹೇಳಬ್ಯಾಡ ಅಂದರೂ ನೀ ಅವರಿಗೆ ಗಾಯದ ಮಾತು ಹೇಳಿದಿ ಅಂತ ಕಾಣ್ತದ. ನಾ ಖರೆ ಹೇಳ್ತೀನಿ. ನನಗ ಈ ಲಗ್ನ ಬ್ಯಾಡಾಗಿತ್ತು. ಜನವರಿಯಾಗ ಶಾಯಿ ಚೆಲ್ಲಿದ್ದಿಲ್ಲ. ಬ್ಯಾಡ ಅಂತ ಬರೆದಿದ್ದೆ, ಆಮ್ಯಾಗ ಹರಿದೆ. ಈಗ ಲಗ್ನ ತಪ್ಪಿತು, ಹಗುರಾಗಬೇಕಾಗಿತ್ತು. ಆದರ ನನ್ನ ಕೇಳದೇ ಅವರೇ ಬಿಟ್ಟರಲ್ಲ ಅಂತ ಸಿಟ್ಟು ಬರ್ಲಿಕತ್ತದ. ನಾ ಹರಕು ಬಟ್ಟೀನೇನು?

ಬಸ್ಸಮ್ಮ


ಶಾಹಾಬಾದ
೧೧ ಮಾರ್ಚ್ ೧೯೬೮

ಬಸ್ಸಿ,

ನಿನ್ನ ಯಾರೂ ಬಿಟ್ಟಿಲ್ಲ. ಅವರ ಪಾಲಿಗಿ ನೀ ಸತ್ತಿದಿ. ಇನ್ನೂ ಸತ್ತೇ ಇದಿ.

ಚಿತ್ತಾಪುರಕ್ಕ ಎರಡನೇ ಕಾರ್ಡು ಹಾಕಿದೆ, ವಾಡಿಗೂ ಹಾಕಿದೆ. ಚಿಮ್ಮನಚೋಡಕ್ಕ ಹಾಕಿಲ್ಲ. ಹ್ಯಾಂಗಾತು ಕೇಳು.

ಮೊದಲ ಕಾರ್ಡು ಮುಟ್ಟಿದ ಮರುದಿನ ತಮ್ಮಣ್ಣ ಮೋಟಾರು ಹತ್ತಿ ಬಂದ. ಒಳಗ ಬರಲಿಲ್ಲ, ಬಾಗಲ ಮುಂದಿನ ಫರ್ಸಿ ಕಲ್ಲಿನ ಮ್ಯಾಲೇ ಕುಂತ. ರುಮಾಲು ತಗದು ಮುಖಕ್ಕ ಹಿಡದ.

"ಮಣ್ಣಿಗಿ ಕೂಡ ಕರೀಲಿಲ್ಲಲ್ಲ ಅಕ್ಕಾ."

"ದೂರದ ಊರು. ಅಲ್ಲೇ ಮಾಡಿ ಮುಗಿಸ್ಯಾರ."

ಇದು ಕಾರ್ಡಿನಾಗ ಇದ್ದಿದ್ದಿಲ್ಲ. ಆಗ ಬಾಯಿಗಿ ಬಂತು. ಅಂವ ಸಣ್ಣ ಹುಡುಗರಂಗ ದನಿ ತಗದು ಅತ್ತ. ನಾನೂ ಅತ್ತೆ. ಸುಳ್ಳಿಗಿ ಅಳಬೇಕು ಅಂತ ಕುಂತಾಕಿ, ನನಗೇ ನಿಲ್ಲಸಲಿಕ್ಕ ಬರಲಿಲ್ಲ. ಕಮರುನ್ನೀಸಾ ಚಹಾ ತಂದಳು. ಬಶಿ ಅವನ ಕೈಗಿ ಕೊಟ್ಟು ಮುಖ ಗ್ವಾಡಿ ಕಡಿ ತಿರುವಿದಳು. "ನಿಮಗೂ ಹುಡುಗಿ ಮ್ಯಾಲ ಭಾಳ ಜೀವ ಇತ್ತು ತಾಯಿ" ಅಂದ ತಮ್ಮಣ್ಣ. ಆಕಿ ಸೆರಗು ಬಾಯಿಗಿ ಒತ್ತಿಕೊಂಡು ಒಳಗ ಹೋದಳು.

ಅಳು ಮುಗೀತು. ಈಗ ಹೇಳಬೇಕು, ಪದ್ಧತಿ ಅದು. ನಾ ಹೇಳ್ಲಿಕ್ಕ ಬಾಯಿ ತಗದೆ. ಅಷ್ಟರಾಗ ಅಂವ ಮೂಗು ಒರಸಿಕೊಂಡು, "ತಾರೀಖು ಇಟ್ಟೀವಿ ಅಕ್ಕಾ. ಊರಿಗೆಲ್ಲ ಹೇಳೀವಿ. ಈಗ ಏನು ಮಾಡ್ಲಿ?" ಅಂದ.

ನಾ ಬಾಯಿ ಮುಚ್ಚಿದೆ. ಆಮ್ಯಾಗ ತಗದೆ. ತಗದಾಗ ಬ್ಯಾರೆ ಮಾತೇ ಬಂತು. "ತೆಂಗಳಿ ಭೀಮಶ್ಯಾಗ ಒಬ್ಬಾಕಿ ಮಗಳು ಅದಾಳಲ್ಲ. ತಾರೀಖು ಹಾಳು ಮಾಡಬ್ಯಾಡ್ರಿ" ಅಂದೆ.

ಅಂವ ನನ್ನ ಕಾಲು ಮುಟ್ಟಿ ಹೋದ. ಇಂಥಾ ದುಃಖದಾಗೂ ನಮ್ಮ ಮನಿ ಚಿಂತಿ ಮಾಡಿದಿ ಅಂದ.

ದೇವೀಂದ್ರಪ್ಪ ಎರಡು ದಿನ ಉಂಡಿಲ್ಲಂತ. ಮೂರನೇ ದಿನ ಉಂಡಾನ.

ಹೊಲಿಗಿ ಸುದ್ದಿ ಓದಿ ಗಾಬರಿ ಆಗಿ ಕಾರ್ಡು ಬರದೆನೋ, ಬರಿಯೂ ಮೊದಲೇ ಇದು ತಲ್ಯಾಗ ಇತ್ತೋ, ಕಮರುನ್ನೀಸಾ ದಿನಾ ಕೇಳತಾಳ. ಆಕಿಗಿ ಹೇಳಿಲ್ಲ, ನಿನಗೂ ಹೇಳೂದಿಲ್ಲ.

ಈಗ ಇಷ್ಟು. ಏಪ್ರಿಲ್ ಎಂಟು ದಾಟಿದರ ಮುಗೀತು. ಹತ್ತನೇ ತಾರೀಖಿಗಿ ನಾ ಕಾರ್ಡು ಹಾಕ್ತೀನಿ, ಮೊದಲು ಹಾಕಿದ್ದು ಟಪಾಲಿನವ ಕಳದ ಅಂತೀನಿ. ನೀ ಇಲ್ಲ ಅನ್ನಬೇಕಾಗಿಲ್ಲ, ನಾ ಇಲ್ಲ ಅನ್ನಬೇಕಾಗಿಲ್ಲ. ನಿನ್ನ ಎರಡು ವರ್ಷ ನಿನಗ, ನನ್ನ ತವರು ನನಗ. ಇಪ್ಪತ್ತೆಂಟು ದಿನ ಸುಮ್ನ ಇರು.

ಆದರ ಸತ್ತಾಕಿ ನೀನು, ಅದಕ್ಕ ನಿನ್ನ ಕೇಳದೇ ಮಾಡೂದು ಸರಿ ಅಲ್ಲ ಅಂತ ಕಮರುನ್ನೀಸಾ ಮೂರು ದಿನದಿಂದ ತಲಿ ತಿಂತಾಳ. ಅದಕ್ಕ ಒಂದು ಖಾಲಿ ಕಾರ್ಡು ಇಟ್ಟೀನಿ. ತಮ್ಮಣ್ಣನ ವಿಳಾಸ ಬರದೀನಿ. ಬೇಕಾದರ ಬರಿ. ಬರದರ ಅವರು ತೆಂಗಳಿ ಮಾತು ಮುರದು ನಿನ್ನೇ ಕರೀತಾರ, ತಿಳಕೊಂಡು ಬರಿ. ಬ್ಯಾಡಾದರ ಒಲಿಗಿ ಹಾಕು.

ಭೀಮಮ್ಮ


ಹೈದರಾಬಾದ
೧೭ ಮಾರ್ಚ್ ೧೯೬೮

ಆಯಿಗೆ ನಮಸ್ಕಾರ.

ನಿನ್ನ ಕಾಗದ ನಾಲ್ಕು ಸಲ ಓದಿದೆ. ಮೊದಲ ಸಲ ನಗಿ ಬಂತು. ಎರಡನೇ ಸಲ ಮುತ್ಯಾ ಫರ್ಸಿ ಮ್ಯಾಲ ಕುಂತದ್ದು ಕಣ್ಣಿಗೆ ಕಟ್ಟಿತು. ಸುಮ್ನ ಇರಬೇಕು ಅಂತನೇ ಎರಡು ದಿನ ಇದ್ದೆ. ಆಮ್ಯಾಗ ನನಗ ಅನ್ನಿಸ್ತು, ಆ ಮನಿಯವರ ಎದುರಿಗೆ ಮುಂದ ನಾ ಯಾವಾಗ ನಿಂತರೂ ಸತ್ತಾಕಿ ಎದ್ದು ಬಂದಂಗೇ ನಿಲ್ಲಬೇಕು. ಲಗ್ನ ಬ್ಯಾಡ ಅಂದಾಕಿ ಆಗಿ ನಿಲ್ಲೂದು ಅದಕಿಂತ ಸಸಾರ ಕಾಣ್ತು.

ಕಾರ್ಡು ಹಾಕಿದೆ. ಬರೆದದ್ದು ಇಷ್ಟೇ, ನಿನಗ ಗೊತ್ತಿರಲಿ ಅಂತ ಇಲ್ಲಿ ಇಳಿಸೀನಿ:

"ತಮ್ಮಣ್ಣ ಮುತ್ಯಾಗೆ ಬಸ್ಸಮ್ಮನ ನಮಸ್ಕಾರ. ನಾ ಬದುಕೀನಿ. ನನ್ನ ತಲಿಗೆ ಹದ್ದು ಬಡಿದಿತ್ತು, ಅದಕ್ಕ ಅಳು ತೆಗೀಲಿಕ್ಕ ಆ ಕಾರ್ಡು ಬರೆದದ್ದು. ನೀವು ಅತ್ತದ್ದು ನನಗ ಮುಟ್ಟೇದ. ತಿರುಗಿ ತಿಳಸೂದು ತಡಾ ಆತು. ತೆಂಗಳಿ ಮಾತು ಮುರೀಬ್ಯಾಡ್ರಿ. ಮುರಿದು ಬಂದರೂ ನಾ ಈ ಲಗ್ನ ಒಲ್ಲೆ. ನಾ ಇಲ್ಲಿ ಪೂರಾ ಕಲ್ತು ನರ್ಸ್ ಆಗಬೇಕಾಗೇದ. ದೇವೀಂದ್ರಪ್ಪನವರಿಗೆ ನನ್ನ ಮ್ಯಾಲ ಸಿಟ್ಟಿರಲಿ, ದುಃಖ ಇರೂದು ಬ್ಯಾಡ ಅಂತ ಬರೆದೀನಿ."

ತಡಾ ಆತು ಅಂತಷ್ಟೇ ಬರೆದೀನಿ. ಯಾರು ಮಾಡಿದರು ಅಂತ ಬರೆದಿಲ್ಲ.

ಮರಿಗೆ ಕಂದು ಗರಿ ಬಂದಾವ. ಗೂಡಿನ ತುದಿಗೆ ನಿಂತು ರೆಕ್ಕಿ ಬಡೀತದ, ಹಾರೂದಿಲ್ಲ.

ಬಸ್ಸಮ್ಮ


ಶಾಹಾಬಾದ
೧೨ ಏಪ್ರಿಲ್ ೧೯೬೮

ಬಸ್ಸಿ,

ಲಗ್ನ ಆತು. ತೆಂಗಳಿ ಹುಡುಗಿನೇ ಆದಳು. ಭೀಮಶ್ಯಾ ಮಾತು ಕೊಟ್ಟು ಆಗಿತ್ತು, ಹಿಂದ ಸರೀಲಿಲ್ಲ. ನಿನ್ನ ಕಾರ್ಡಿನಿಂದ ಅಲ್ಲಿ ಏನೂ ಬದಲಾಗಲಿಲ್ಲ. ಬದಲಾಗಿದ್ದು ಇಲ್ಲಿ.

ನಿನ್ನ ಕಾರ್ಡು ಮುಟ್ಟಿದಮ್ಯಾಗ ತಮ್ಮಣ್ಣ ಬಂದ. ಈ ಸಲ ಕುಂದರಲಿಲ್ಲ. ಅಂಗಿ ಕಿಸೆದಾಗಿಂದ ಎರಡು ಕಾರ್ಡು ತಗದ. ಒಂದರ ಮೂಲಿ ಹರದಿತ್ತು. ಅಂಥಾದ್ದು ಮನ್ಯಾಗ ಇಡಬಾರದು, ಓದಿದ ಕೂಡಲೇ ಹರದು ಹಾಕಬೇಕು. ಅಂವ ಇಟ್ಟಿದ್ದ. ಹರೀಲಿಕ್ಕ ಮನಸ್ಸಾಗಲಿಲ್ಲಂತ.

"ಶಾಲಿ ಮಾಸ್ತರಗ ತೋರಿಸಿದೆ ಅಕ್ಕಾ. ಎರಡರ ವಿಳಾಸಾನೂ ಒಂದೇ ಕೈ ಅಂದರು."

"ಹೌದು. ನಂದೇ."

"ಹುಡುಗಿ ತಡಾ ಆತು ಅಂತ ಬರದಾಳ."

"ಆಕಿ ಸುಳ್ಳು ಬರದಾಳ. ತಡಾ ನಾ ಮಾಡಿದ್ದು. ಒಳಗ ಬಾ, ನೀರು ಕುಡಿ."

"ಕುಡೀಲಿಕ್ಕ ಬಂದಿಲ್ಲ. ಒಂದೇ ಮಾತು ಕೇಳಬೇಕಾಗಿತ್ತು. ಅವತ್ತು ನಾ ಅತ್ತಾಗ ನೀನೂ ಅತ್ತಿ. ಅದು ಹ್ಯಾಂಗ ಬಂತು?"

ನಾ ನೀರಿನ ತಂಬಿಗಿ ತಂದು ಅವನ ಮುಂದ ಇಟ್ಟೆ. ಅಂವ ಮುಟ್ಟಲಿಲ್ಲ. "ಲಗ್ನ ಬ್ಯಾಡ ಅಂದಿದ್ದರ ನಾ ಸಿಟ್ಟಾಗ್ತಿದ್ದೆ. ನಾಕು ದಿನ ಒದರಾಡ್ತಿದ್ದೆ" ಅಂದ. "ನಮ್ಮ ಹೊಸ್ತಲಾ ನಿನಗ ಮುಗೀತು" ಅಂದ. ಹೋದ. ಹನ್ನೆರಡರ ಬಿಸಿಲು, ರುಮಾಲು ಕೈಯಾಗೇ ಇತ್ತು.

ನೀ ಇಪ್ಪತ್ತೆಂಟು ದಿನ ಸುಮ್ನ ಇದ್ದಿದ್ದರ ಇದು ಆಗ್ತಿರಲಿಲ್ಲ. ನಿನ್ನ ತಲಿಗಿ ಹದ್ದು ಬಡೀಲಿಲ್ಲ ಅಂದರೂ ಆಗ್ತಿರಲಿಲ್ಲ. ನಾ ಇಲ್ಲ ಅನ್ನಲಿಕ್ಕ ಕಲ್ತಿದ್ದರ ಎರಡೂ ಬೇಕಾಗ್ತಿರಲಿಲ್ಲ ಅಂತ ಕಮರುನ್ನೀಸಾ ಅಂತಾಳ. ಆಕಿಗಿ ಇವತ್ತು ಚಹಾ ಕೊಟ್ಟಿಲ್ಲ.

ಭೀಮಮ್ಮ


ಹೈದರಾಬಾದ
೨ ಮೇ ೧೯೬೮

ಆಯಿಗೆ ನಮಸ್ಕಾರ.

ನಿನ್ನ ಕಾಗದಕ್ಕ ಜವಾಬು ಬರೀಲಿಕ್ಕ ಭಾಳ ದಿನ ಹಿಡೀತು. ತಪ್ಪಾತು ಅಂತ ಬರೆದರ ಸುಳ್ಳಾಗ್ತದ. ತಪ್ಪಾಗಿಲ್ಲ ಅಂತ ಬರೆದರೂ ಸುಳ್ಳೇ. ಮುತ್ಯಾಗ ಮತ್ತೊಂದು ಕಾಗದ ಬರೆದಿದ್ದೆ. ತಿರುಗಿ ಬಂತು, ಒಡೆದೇ ಇಲ್ಲ.

ಮರಿ ಹಾರಿ ಹೋತು. ನಾ ನೋಡಲಿಲ್ಲ, ಡ್ಯೂಟಿ ಮ್ಯಾಲ ಇದ್ದೆ. ಗಂಡು ಹೆಣ್ಣು ಇಲ್ಲೇ ಅದಾವ, ಟಾಕಿ ಮ್ಯಾಲ ದೂರ ದೂರ ಕುಂತಿರ್ತಾವ. ಬ್ಯಾಂಡೇಜು ಗಾಳ್ಯಾಗ ಜೋತಾಡತದ. ಈಗ ಮಾಳಿಗಿ ಮ್ಯಾಲ ಹೋದರ ಯಾವ ಹದ್ದೂ ಹೊಳ್ಳಿ ನೋಡೂದಿಲ್ಲ.

ಎರಡನೇ ವರ್ಷದ ಕಲಿಕಿ ನಡದದ. ನಿನ್ನ ಕಾಲುನೋವು ಹ್ಯಾಂಗದ? ಒಂದು ಕಾಗದದಾಗೂ ನಿನ್ನ ಮೈ ಬಗ್ಗೆ ಬರೆದಿಲ್ಲ ನೀ.

ಬಸ್ಸಮ್ಮ


ಶಾಹಾಬಾದ
೧೪ ಜುಲೈ ೧೯೬೮

ಬಸ್ಸಿ,

ಕಾಲು ಇದ್ದಂಗೇ ಅದ. ಎರಡೂ ಅದಾವ.

ಎರಡು ತಿಂಗಳ ಬರೀಲಿಲ್ಲ ಅಂತ ಸಿಟ್ಟಾಗಬ್ಯಾಡ. ಬರೀಲಿಕ್ಕ ಕುಂತರ ಬೈಗುಳೇ ಬರ್ತಿದ್ದವು. ಬೈಗುಳಕ್ಕ ಅಂಚಿ ಚೀಟಿ ಹಚ್ಚೂದು ಯಾಕ ಅಂತ ಸುಮ್ನಿದ್ದೆ. ಈಗ ತೀರ್ಯಾವ.

ಕಾಗಿಣಾಕ್ಕ ಕೆಂಪು ನೀರು ಬಂದಾವ. ಪಂಚಮಿ ಹದಿನೈದು ದಿನ ಉಳೀತು. ಈ ಓಣ್ಯಾಗ ಹೆಣ್ಣುಮಕ್ಕಳು ತವರಿಗಿ ಹೋಗ್ಲಿಕ್ಕ ಗಂಟು ಕಟ್ಟಲಿಕತ್ತಾರ. ಲಗ್ನ ಆಗಿ ಈ ದಂಡಿಗಿ ಬಂದಾಗಿಂದ ಒಂದು ಪಂಚಮಿನೂ ನಾ ಇಲ್ಲಿ ಉಂಡಿಲ್ಲ. ಮೊದಲು ನಮ್ಮಪ್ಪ ಕರೀಲಿಕ್ಕ ಬರ್ತಿದ್ದ, ಆಮ್ಯಾಗ ತಮ್ಮಣ್ಣ ಬರ್ತಿದ್ದ. ಈ ಸಲ ಯಾರೂ ಬರೂದಿಲ್ಲ. ನಿನ್ನೆ ಕಮರುನ್ನೀಸಾ, "ನಮ್ಮ ಮನಿಗಿ ಬಾ, ನಡುವ ಒಂದು ಗ್ವಾಡಿ ಅಷ್ಟೇ ಅದ, ಮೋಟಾರಿನ ಖರ್ಚೂ ಇಲ್ಲ" ಅಂದಳು. ದಿನಾ ಜಗಳಾಡೂ ಮನಿಗಿ ತವರು ಅಂತಾರೇನು?

ಕುಂತು ವಿಚಾರ ಮಾಡಿದೆ. ನನ್ನ ತವರು ನೀ ಕಳದಿ. ಕಳದವರೇ ಕೊಡಬೇಕು. ಅದಕ್ಕ ಪಂಚಮಿಗಿ ನಾ ಹೈದರಾಬಾದಿಗಿ ಬರ್ತೀನಿ. ಅಳ್ಳು ಹುರದೀನಿ, ಶೇಂಗಾ ಉಂಡಿ ಕಟ್ಟೀನಿ, ನಿನ್ನ ಸಿಸ್ಟರಿಗೂ ಸೇರಿಸಿ. ನಿಮ್ಮ ಹಾಸ್ಟೆಲ್ಲಿನಾಗ ಮುದುಕೇರಿಗಿ ಇರ್ಲಿಕ್ಕ ಕೊಡ್ತಾರೇನು ಕೇಳು. ಕೊಡೂದಿಲ್ಲಂದರ ವಾರ್ಡಿನಾಗ ಒಂದು ಮಂಚ ಹಿಡಿದಿಡು. ಈ ವಯಸ್ಸಿನಾಗ ಹುಡುಕಿದರ ಏನರೆ ಒಂದು ಜಡ್ಡು ಸಿಗತದ.

ಐದು ದಿನ ಇರ್ತೀನಿ. ತವರಿಗಿ ಹೋದ ಹೆಣ್ಣುಮಗಳು ಕೆಲಸ ಮಾಡೂದಿಲ್ಲ. ಮಾಡಿ ಹಾಕಬೇಕು, ಎಣ್ಣಿ ಹಚ್ಚಿ ಎರೀಬೇಕು, ಆಡಿದ್ದು ಕೇಳಬೇಕು. ಹೋಗುವಾಗ ಕುಬಸಾ ಕೊಡಬೇಕು. ನಿನಗ ಬರೂ ಪಗಾರದಾಗ ಎಂಥಾದ್ದು ಆಗತದ ಅಂಥಾದ್ದು ಸಾಕು, ಬಿಳೀದು ಒಂದು ಬ್ಯಾಡ.

ಪಂಚಮಿ ಮುಂಚಿನ ಶನಿವಾರ ಮುಂಜಾನಿ ಗಾಡಿಗಿ ವಾಡಿಯಾಗ ಹತ್ತತೀನಿ. ಊರು ದೊಡ್ಡದು, ಮಂದಿ ಭಾಳ, ನೀ ಯಾರನ್ನೋ ಕಳಿಸಿ ನನ್ನ ಹುಡುಕಿಸಬ್ಯಾಡ. ಡ್ಯೂಟಿ ಇದ್ದರ ಬದಲಿ ಮಾಡಿಕೊ. ಸ್ಟೇಶನ್ನಿಗಿ ನೀನೇ ಬಾ. ಎದುರುಗೊಳ್ಳೂದು ತವರಿನವರ ಕೆಲಸ.

ಭೀಮಮ್ಮ